ಕರುಳಿನ ಕಾವಲು

ಪೋಲಿಯೊ ಎಂದೊಡನೆ ಬತ್ತಿದ ಕಾಲುಗಳ ಚಿತ್ರ ನಮ್ಮ ಕಣ್ಣಮುಂದೆ ಬರುತ್ತದೆ. ಆದರೆ ಅದನ್ನುಂಟುಮಾಡುವ ವೈರಸ್ ಮೊದಲು ನೆಲೆಸುವುದು ಕಾಲಿನಲ್ಲೂ ಅಲ್ಲ, ನರದಲ್ಲೂ ಅಲ್ಲ. ಗಂಟಲು ಮತ್ತು ಕರುಳಿನ ಲೋಳೆಪೊರೆಯಲ್ಲಿ. ಕಲುಷಿತವಾದ ನೀರು, ಆಹಾರಗಳ ಮೂಲಕ ಅದು ಬಾಯನ್ನು ಹೊಗುತ್ತದೆ. ಅದರ ವ್ಯಾಸ ಸುಮಾರು 30 ನ್ಯಾನೊಮೀಟರ್. ಎಂದರೆ, ಕಣ್ಣಿಗೆ ಕಾಣುವ ಬೆಳಕಿನ ಅಲೆಯುದ್ದದ ಹತ್ತನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಸಾಮಾನ್ಯ ಸೂಕ್ಷ್ಮದರ್ಶಕಕ್ಕೂ ಗೋಚರಿಸದ ಈ ಶತ್ರುವನ್ನು ಕರುಳು ಹೇಗೆ ಗುರುತಿಸುತ್ತದೆ? ಹೇಗೆ ತಡೆಯುತ್ತದೆ?

ಕರುಳಿನ ಒಳಹೊದಿಕೆ ಒಂದೇ ಒಂದು ಜೀವಕೋಶದಷ್ಟು ದಪ್ಪ. ಆಹಾರದ ಸಾರವನ್ನು ಹೀರಬೇಕಾದುದರಿಂದ ಈ ಗೋಡೆ ದಪ್ಪವಾಗಿರುವಂತಿಲ್ಲ. ಆದಕಾರಣ ಅದರ ಕೆಳಗೆ ಅಲ್ಲಲ್ಲಿ ರಕ್ಷಕ ಕೋಶಗಳ ಠಾಣೆಗಳಿವೆ. 1677ರಲ್ಲಿ ಇವನ್ನು ವರ್ಣಿಸಿದ ಸ್ವಿಟ್ಜರ್ಲೆಂಡಿನ ಪೇಯರ್ ಎಂಬ ವೈದ್ಯನ ಹೆಸರೇ ಇವಕ್ಕೆ ಉಳಿದಿದೆ. ಇವುಗಳ ಮೇಲಿರುವ ‘ಎಂ’ ಕೋಶಗಳು ಕರುಳೊಳಗಿನ ವಸ್ತುಗಳ ಮಾದರಿಯನ್ನು ಹಿಡಿದು ಕೆಳಗಿನವರಿಗೆ ಒಪ್ಪಿಸುತ್ತವೆ. ವೈರಸ್ಸನ್ನು ಗುರುತಿಸಿದ ‘ಬಿ’ ದುಗ್ಧಕೋಶಗಳು ದುಗ್ಧನಾಳಗಳ ಮೂಲಕ ರಕ್ತವನ್ನು ಸೇರಿ, ಸುತ್ತಿ, ಮತ್ತೆ ಕರುಳಿಗೇ ಹಿಂದಿರುಗುತ್ತವೆ. ತಾವು ಕಲಿತ ಶಾಲೆಯನ್ನು ಅವು ಮರೆಯುವುದಿಲ್ಲ! ಅಲ್ಲಿ ಅವು ಪ್ಲಾಸ್ಮ ಕೋಶಗಳಾಗಿ ಮಾರ್ಪಟ್ಟು ಇಮ್ಯುನೊಗ್ಲಾಬ್ಯುಲಿನ್ ‘ಎ’ ಎಂಬ ಪ್ರತಿಕಾಯವನ್ನು ತಯಾರಿಸುತ್ತವೆ. ಇದರ ಅಣುಗಳು ಎರಡೆರಡಾಗಿ ಜೋಡಿಗೂಡಿ, ಒಳಹೊದಿಕೆಯ ಕೋಶಗಳನ್ನು ಹಾಯ್ದು ಲೋಳೆಯನ್ನು ಸೇರುತ್ತವೆ. ವೈರಸ್ಸಿಗೆ ಅಂಟಿಕೊಂಡು, ಅದು ಕೋಶಗಳನ್ನು ಹೊಗದಂತೆ ಮಾಡುತ್ತವೆ. ಶತ್ರು ಹೊಸ್ತಿಲಲ್ಲೇ ಸೆರೆಯಾಗುತ್ತಾನೆ.

1955ರಲ್ಲಿ ಬಳಕೆಗೆ ಬಂದ ಜೋನಾಸ್ ಸಾಲ್ಕ್ ಅವರ ಲಸಿಕೆ ನಿರ್ಜೀವ ವೈರಸ್ಸಿನದು, ಸೂಜಿಯಿಂದ ಕೊಡುವಂಥದು. ಅದರಿಂದ ರಕ್ತದಲ್ಲಿ ಹುಟ್ಟುವ ಪ್ರತಿಕಾಯಗಳು ವೈರಸ್ ನರಮಂಡಲವನ್ನು ತಲಪದಂತೆ ತಡೆಯುತ್ತವೆ. ಆದರೆ ಕರುಳಿಗೆ ಮುಟ್ಟುವ ಪಾಠ ಅತ್ಯಲ್ಪ. ಆಲ್ಬರ್ಟ್ ಸೇಬಿನ್ ಅವರ ಲಸಿಕೆಯಾದರೋ ದುರ್ಬಲಗೊಳಿಸಿದ ಸಜೀವ ವೈರಸ್ಸಿನದು, ಬಾಯಿಗೆ ಹನಿಸುವಂಥದು. ನಿಜವಾದ ವೈರಸ್ಸಿನ ಹಾದಿಯನ್ನೇ ಹಿಡಿಯುವುದರಿಂದ ಅದು ಕರುಳನ್ನೂ ಎಚ್ಚರಿಸುತ್ತದೆ.

ಈ ವ್ಯತ್ಯಾಸದ ಮಹತ್ವವನ್ನು ಇಸ್ರೇಲ್ ದೇಶ 2013ರಲ್ಲಿ ಕಂಡಿತು. 2005ರಿಂದ ಅಲ್ಲಿ ಸೂಜಿಯ ಲಸಿಕೆ ಮಾತ್ರ ಬಳಕೆಯಲ್ಲಿತ್ತು. ಯಾವ ಮಗುವಿನ ಕಾಲೂ ಸೋಲಲಿಲ್ಲ. ಆದರೂ ಚರಂಡಿಯ ನೀರಿನಲ್ಲಿ ಪೋಲಿಯೊ ವೈರಸ್ ತಿಂಗಳುಗಟ್ಟಲೆ ಕಾಣಿಸಿತು. ಮಕ್ಕಳು ತಾವು ಸುರಕ್ಷಿತರಾಗಿದ್ದರೂ ವೈರಸ್ಸಿಗೆ ವಾಹನವಾಗಿದ್ದರು! ಆಗ ಅಲ್ಲಿನ ಮಕ್ಕಳಿಗೆ ಬಾಯಿಹನಿಗಳನ್ನೂ ಕೊಡಬೇಕಾಯಿತು.

ಸೋಂಕು ತಗುಲಿದ ಸುಮಾರು 200 ಮಂದಿಯಲ್ಲಿ ಒಬ್ಬರ ಅಂಗ ಮಾತ್ರ ಶಾಶ್ವತವಾಗಿ ಸೋಲುತ್ತದೆ. ಉಳಿದವರು ಅರಿವಿಲ್ಲದೆಯೇ ವೈರಸ್ಸನ್ನು ಹರಡಬಲ್ಲರು. ಆದ್ದರಿಂದಲೇ ನಮ್ಮ ದೇಶವು ಬಾಯಿಹನಿಯನ್ನು ಮುಖ್ಯ ಆಯುಧವಾಗಿ ಹಿಡಿಯಿತು. ಇಲ್ಲಿ ಕಾಡು ಪೋಲಿಯೊ ವೈರಸ್ಸಿನ ಕೊನೆಯ ಪ್ರಕರಣ 2011ರ ಜನವರಿಯಲ್ಲಿ ಹೌರಾ ಜಿಲ್ಲೆಯಲ್ಲಿ ಕಂಡುಬಂದಿತು.

ಆದರೆ ದುರ್ಬಲ ವೈರಸ್ ಅಪರೂಪವಾಗಿ ಬಲವನ್ನು ಮರಳಿ ಪಡೆಯುವುದುಂಟು. ಹಾಗಾದರೆ ಸೂಜಿಯ ಲಸಿಕೆಗೆ ಸ್ಥಾನವಿಲ್ಲವೆ? ಇದೆ. ಹಿಂದೆ ಹನಿಗಳನ್ನು ಪಡೆದಿದ್ದ ಮೊರಾದಾಬಾದಿನ ಮಕ್ಕಳಿಗೆ ಒಂದೇ ಬಾರಿ ಸೂಜಿಯ ಲಸಿಕೆ ಕೊಟ್ಟಾಗ ಅವರ ಕರುಳಿನ ರಕ್ಷಣೆ ಮತ್ತೆ ಬಲಗೊಂಡಿತೆಂದು 2014ರಲ್ಲಿ ಪ್ರಕಟವಾದ ಅಧ್ಯಯನವೊಂದು ತಿಳಿಸಿತು. ಮೊದಲ ಪಾಠ ಕರುಳಿನಲ್ಲೇ ನಡೆಯಬೇಕು. ಒಮ್ಮೆ ಕಲಿತ ಕೋಶಗಳಿಗೆ ಅದನ್ನು ನೆನಪಿಸಲು ತೋಳಿನ ಸೂಜಿಯೂ ಸಾಕು.