ಬೇಲಿ ಸವರುವ ಹೊಣೆ ಯಾರದು?

ಮಳೆಗಾಲ ಮುಗಿಯುವಷ್ಟರಲ್ಲಿ ಗುಬ್ಬಿ, ಕುಣಿಗಲ್ ಕಡೆಯ ತೋಟಗಳಲ್ಲಿ ಬದುವಿನ ಲಂಟಾನ, ಗೊಬ್ಬರದ ಗಿಡಗಳು ಆಳೆತ್ತರ ಬೆಳೆದು ಪಕ್ಕದವರ ಜಮೀನಿಗೆ ಬಾಗುತ್ತವೆ. ತುಮಕೂರು ನಗರದಲ್ಲಾದರೆ ಕಾಂಪೌಂಡು ದಾಟಿದ ದಾಸವಾಳ, ನುಗ್ಗೆ. ಜಗಳಕ್ಕೆ ಅಷ್ಟು ಸಾಕು.

ನೆಟ್ಟವರೇ ಸವರಬೇಕಾದದ್ದು ನ್ಯಾಯ. ಇಬ್ಬರೂ ಸೇರಿ ಹಾಕಿದ ಬೇಲಿಯಾದರೆ ಕೂಲಿಯೂ ಸಮಪಾಲು. ನೆಟ್ಟವರು ಸುಮ್ಮನಿದ್ದರೆ, ತಮ್ಮ ಜಾಗಕ್ಕೆ ಚಾಚಿದ ಕೊಂಬೆಯನ್ನು ಗಡಿಯವರೆಗೆ ಕತ್ತರಿಸಲು ಪಕ್ಕದವರಿಗೆ ಹಕ್ಕಿದೆ. ಗಡಿ ದಾಟಿ ಮಚ್ಚು ಬೀಸುವಂತಿಲ್ಲ. ಕಡಿದ ಸೌದೆ, ಕಾಯಿ ಮರದವರದೇ. ಮರವನ್ನೇ ಉರುಳಿಸುವ ಮಾತಾದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯನ್ನೂ ನೋಡಬೇಕು. ಗಡಿಯೇ ಅನುಮಾನವಾದರೆ ಹದ್ದುಬಸ್ತಿಗೆ ಅರ್ಜಿ ಕೊಟ್ಟು ಸರ್ವೆಯವರಿಂದ ಅಳೆಸಬಹುದು. ನೆರೆಯವನ ಗಡಿಕಲ್ಲನ್ನು ಸರಿಸಕೂಡದೆಂದು ಧರ್ಮೋಪದೇಶಕಾಂಡ (19:14) ವಿಧಿಸುತ್ತದೆ. ಬೇಲಿಯನ್ನು ವರ್ಷಕ್ಕೊಂದು ಗೇಣು ಆಚೆಗೆ ಬೆಳೆಯಬಿಡುವುದೂ ಅದೇ ಪಾಪ, ನಿಧಾನವಾಗಿ ಮಾಡಿದ್ದು ಅಷ್ಟೆ.

ಹಕ್ಕಿದೆಯೆಂದು ಹೇಳದೆ ಕೇಳದೆ ಕಡಿಯುವುದು ಕ್ರೈಸ್ತರಿಗೆ ತಕ್ಕುದೇ? ಸಹೋದರನಿಗೆ ನಮ್ಮ ಮೇಲೆ ಮನಸ್ತಾಪವಿದ್ದರೆ ಕಾಣಿಕೆಯನ್ನು ಬಲಿಪೀಠದ ಮುಂದೆಯೇ ಬಿಟ್ಟು ಮೊದಲು ಅವನಲ್ಲಿಗೆ ಹೋಗಲು ಯೇಸುಸ್ವಾಮಿ ಹೇಳುತ್ತಾರೆ (ಮತ್ತಾಯ 5:23-24). ಗಮನಿಸಿ, ತಪ್ಪು ಯಾರದೆಂಬ ಲೆಕ್ಕ ಅಲ್ಲಿಲ್ಲ. ಬಲಿಪೂಜೆಯಲ್ಲಿ ಅಕ್ಕಪಕ್ಕದವರಿಗೆ ಕೈಮುಗಿದು ಶಾಂತಿ ಕೋರುವ ನಾವು, ಬೇಲಿಯಾಚೆಯವರೊಡನೆ ಮಾತು ಬಿಟ್ಟಿರುತ್ತೇವೆ. ಅವರು ಅನ್ಯಧರ್ಮದವರಾದರೆ ಈ ಮಾತು ಅನ್ವಯಿಸದೆಂದು ತಿಳಿಯಬೇಡಿ. ಸಮಾರಿಯದವನ ಸಾಮತಿಯನ್ನು ನೆನೆಯಿರಿ.

"ಅಣ್ಣಾ, ಶನಿವಾರ ಬೆಳಿಗ್ಗೆ ಇಬ್ಬರೂ ನಿಂತು ಸವರೋಣವೇ?" ಎಂದು ಕೇಳಿ ನೋಡಿ. ಒಪ್ಪದಿದ್ದರೆ ಇಬ್ಬರಿಗೂ ಬೇಕಾದ ಹಿರಿಯರೊಬ್ಬರನ್ನು ಕರೆದುಕೊಂಡು ಮತ್ತೊಮ್ಮೆ ಹೋಗಿ. ಕಡಿದ ಸೊಪ್ಪನ್ನು ಅವರ ತೆಂಗಿನ ಬುಡಕ್ಕೇ ಹಾಕಿಕೊಡಿ. ಗೊಬ್ಬರದ ಗಿಡದ ಸೊಪ್ಪು ತೆಂಗಿಗೆ ಒಳ್ಳೆಯದು.