ಭೂಕಂಪದ ನಂತರದ ದಾನ: ಕಿಲ್ಲಾರಿ ಕಲಿಸಿದ ಪಾಠ

ವಾರ್ಷಿಕ ವರದಿಯಲ್ಲಿ ಜಮಾಖರ್ಚಿನ ಲೆಕ್ಕ ಇರುತ್ತದೆ. ಎಷ್ಟು ಬಂತು, ಎಷ್ಟು ಹೋಯಿತು ಎಂದು ಅದು ತಿಳಿಸುತ್ತದೆ. ಕೊಟ್ಟ ಹಣ ತಲುಪಿದ ಕಡೆ ಏನು ಮಾಡಿತು ಎಂಬುದನ್ನು ಮಾತ್ರ ನಾವೇ ಕೂತು ಅಭ್ಯಾಸ ಮಾಡಿ ತಿಳಿಯಬೇಕು. ಆದ್ದರಿಂದ ಈ ಅಧ್ಯಯನ ಲೇಖನ. ದಾನಿಗಳೂ, ವಿದ್ಯಾರ್ಥಿವೇತನಕ್ಕೆ ಅರ್ಜಿ ಸಲ್ಲಿಸುವ ವಿದ್ಯಾರ್ಥಿಗಳೂ ಇದನ್ನು ಓದಿ ಚರ್ಚಿಸಬೇಕೆಂದು ಕೋರುತ್ತೇವೆ.

ಪ್ರಶ್ನೆ ಇಷ್ಟೇ: ಭೂಕಂಪದಲ್ಲಿ ನೆಲಕ್ಕುರುಳಿದ ಒಂದು ಸಣ್ಣ ಊರು ಮತ್ತೆ ಎದ್ದು ನಿಲ್ಲಲು ದಾನ ಹೇಗೆ ನೆರವಾಗುತ್ತದೆ? ಉದಾಹರಣೆಗೆ ದೂರ ಹೋಗಬೇಕಿಲ್ಲ. ಬೀದರ್, ಕಲಬುರಗಿ ಜಿಲ್ಲೆಗಳ ಗಡಿಯಾಚೆ, ಮಹಾರಾಷ್ಟ್ರದ ಲಾತೂರು ಜಿಲ್ಲೆಯಲ್ಲಿ ಕಿಲ್ಲಾರಿ ಎಂಬ ಊರಿದೆ.

ಆ ಬೆಳಗಿನ ಜಾವ

1993ರ ಸೆಪ್ಟೆಂಬರ್ 30. ಹಿಂದಿನ ರಾತ್ರಿ ಗಣೇಶ ವಿಸರ್ಜನೆ ಮುಗಿಸಿ ಜನ ತಡವಾಗಿ ಮಲಗಿದ್ದರು. ಬೆಳಗಿನ ಜಾವ ನಾಲ್ಕು ಗಂಟೆ ಆಗುವ ಮುನ್ನವೇ ನೆಲ ನಡುಗಿತು. ತೀವ್ರತೆ ಸುಮಾರು 6.2. ಲಾತೂರು ಮತ್ತು ಉಸ್ಮಾನಾಬಾದ್ ಜಿಲ್ಲೆಗಳಲ್ಲಿ ಸತ್ತವರು 8 ಸಾವಿರದಿಂದ 10 ಸಾವಿರ ಎಂದು ಬೇರೆ ಬೇರೆ ಲೆಕ್ಕಗಳಿವೆ. ಕಂಪನ ನಮ್ಮ ಗಡಿ ಜಿಲ್ಲೆಗಳಲ್ಲೂ ಅನುಭವಕ್ಕೆ ಬಂತು.

6.2 ತೀವ್ರತೆಯ ಭೂಕಂಪಕ್ಕೆ ಇಷ್ಟೊಂದು ಜೀವ ಹೋಗಬೇಕಿರಲಿಲ್ಲ. ಮನೆಗಳು ಕಾಡುಕಲ್ಲನ್ನು ಮಣ್ಣಿನಲ್ಲಿ ಕಟ್ಟಿದ ದಪ್ಪ ಗೋಡೆಯವು. ಮೇಲೆ ಬಿಸಿಲು ತಡೆಯಲೆಂದು ಹಾಕಿದ ಮಣ್ಣಿನ ಭಾರವಾದ ಮಾಳಿಗೆ. ಗೋಡೆ ಬಿರಿದ ಕೂಡಲೇ ಮಾಳಿಗೆ ಮಲಗಿದವರ ಮೇಲೆ ಬಿತ್ತು. ಆ ಪ್ರದೇಶವನ್ನು ಆಗ ಭೂಕಂಪದ ಭಯ ಅತಿ ಕಡಿಮೆ ಇರುವ ಒಂದನೇ ವಲಯದಲ್ಲಿ ಇಟ್ಟಿದ್ದರು. ಯಾರೂ ಎದುರುನೋಡಿರಲಿಲ್ಲ. ಇಂಥ ಕಲ್ಲು ಮಣ್ಣಿನ ಮಾಳಿಗೆ ಮನೆಗಳು ಗಡಿಯ ಈಚೆಗೂ ಇವೆ ಎಂಬುದನ್ನು ನಾವು ಮರೆಯಬಾರದು.

ಮೊದಲ ವಾರದ ದಾನ

ಅನಾಹುತದ ಸುದ್ದಿ ಬಂದ ಕೂಡಲೇ ಜನರ ಕೈ ತಾನಾಗಿ ಜೇಬಿಗೆ ಹೋಗುತ್ತದೆ. ನೀರು, ಊಟ, ಔಷಧ, ಹೊದಿಕೆ, ತಾಡಪಾಲು ಮೊದಲ ದಿನಗಳಲ್ಲಿ ಜೀವ ಉಳಿಸುತ್ತವೆ. ಆದರೆ ಇಲ್ಲೇ ಒಂದು ತಪ್ಪೂ ನಡೆಯುತ್ತದೆ. ಮನೆಯಲ್ಲಿ ಬೇಡವಾದುದನ್ನು ಗಂಟು ಕಟ್ಟಿ ಕಳಿಸಿಬಿಡುತ್ತೇವೆ. 2004ರ ಸುನಾಮಿಯ ನಂತರ ತಮಿಳುನಾಡಿನ ಕರಾವಳಿಯಲ್ಲಿ ದಾನವಾಗಿ ಬಂದ ಹಳೆಯ ಬಟ್ಟೆಗಳು ರಸ್ತೆ ಬದಿಯಲ್ಲಿ ರಾಶಿ ಬಿದ್ದಿದ್ದವು. ಮೀನುಗಾರರ ಮನೆಯ ಹೆಂಗಸರು ಉಡದ, ಉಡಲಾಗದ ಬಟ್ಟೆಗಳವು. ಸಾಗಿಸುವ ಖರ್ಚು ಒಂದು, ತೆಗೆದು ಹಾಕುವ ಖರ್ಚು ಇನ್ನೊಂದು.

ನಾವೇ ಕಣ್ಣು ಮುಚ್ಚಿಕೊಂಡಲ್ಲದೆ ಸ್ವೀಕರಿಸದ ಕೀಳು ವಸ್ತುವನ್ನು ದಾನಕ್ಕೆಂದು ಆರಿಸಬಾರದು ಎಂಬ ಎಚ್ಚರಿಕೆ ಪವಿತ್ರ ಕುರ್‌ಆನಿನ ಎರಡನೇ ಅಧ್ಯಾಯದಲ್ಲಿದೆ. ಕೊಡುವ ಮುನ್ನ ನಮ್ಮನ್ನು ನಾವೇ ಕೇಳಿಕೊಳ್ಳಬೇಕು: ಇದು ನನ್ನ ಮನೆಗೆ ಬಂದಿದ್ದರೆ ಸಂತೋಷವಾಗಿ ತೆಗೆದುಕೊಳ್ಳುತ್ತಿದ್ದೆನೇ?

ಮನೆ ಕಟ್ಟಿದರೆ ಊರು ಆಯಿತೇ?

ಸರ್ಕಾರ ವಿಶ್ವಬ್ಯಾಂಕಿನ ನೆರವಿನಿಂದ ದೊಡ್ಡ ಪುನರ್ವಸತಿ ಯೋಜನೆ ಕೈಗೊಂಡಿತು. ಪೂರ್ತಿ ನಾಶವಾದ 52 ಹಳ್ಳಿಗಳನ್ನು ಬೇರೆ ಜಾಗಕ್ಕೆ ಸ್ಥಳಾಂತರಿಸಲಾಯಿತು. ಅನೇಕ ದಾನಿ ಸಂಸ್ಥೆಗಳು ಒಂದೊಂದು ಹಳ್ಳಿಯನ್ನು ದತ್ತು ತೆಗೆದುಕೊಂಡು ಮನೆಗಳನ್ನು ಕಟ್ಟಿಸಿಕೊಟ್ಟವು. ಇದು ಸಣ್ಣ ಕೆಲಸವಲ್ಲ. ಕಲ್ಲು ಮಣ್ಣಿನ ಕೆಳಗೆ ಮತ್ತೆ ಮಲಗಲು ಹೆದರುತ್ತಿದ್ದ ಜನಕ್ಕೆ ಗಟ್ಟಿ ಸೂರು ಸಿಕ್ಕಿತು.

ಆದರೂ ಕೊರತೆ ಉಳಿಯಿತು. ಎಷ್ಟೋ ಹೊಸ ಹಳ್ಳಿಗಳು ಪಟ್ಟಣದ ಬಡಾವಣೆಯಂತೆ ನೇರ ಸಾಲಿನಲ್ಲಿ ಎದ್ದವು. ರೈತನ ಮನೆಗೆ ದನ ಕಟ್ಟುವ ಜಾಗ, ಮೇವು ಒಟ್ಟುವ ಜಾಗ, ಕಾಳು ಇಡುವ ಜಾಗ ಬೇಕು. ಅಕ್ಕಪಕ್ಕದಲ್ಲಿದ್ದ ಅಣ್ಣತಮ್ಮಂದಿರು ಅಕ್ಕಪಕ್ಕದಲ್ಲೇ ಇರಬೇಕು. ಇದನ್ನು ಕೇಳದೆ ಕಟ್ಟಿದ ಕಡೆ ಜನ ಮುಂದೆ ತಾವೇ ಕೊಟ್ಟಿಗೆ, ಚಪ್ಪರ, ಪಡಸಾಲೆ ಸೇರಿಸಿಕೊಂಡರು.

ಕೇಳಿ ಮಾಡಿದ ಕೆಲಸವೂ ಅಲ್ಲೇ ಇದೆ. ಸ್ಥಳಾಂತರವಾಗದ ನೂರಾರು ಹಳ್ಳಿಗಳಲ್ಲಿ ಹಳೆಯ ಮನೆಗಳನ್ನು ರಿಪೇರಿ ಮಾಡಿ ಬಲಪಡಿಸಬೇಕಿತ್ತು. ಸ್ವಯಂ ಶಿಕ್ಷಣ ಪ್ರಯೋಗ ಎಂಬ ಸಂಸ್ಥೆಯ ಮೂಲಕ ಹಳ್ಳಿಯ ಹೆಂಗಸರೇ ಸಂವಾದ ಸಹಾಯಕಿಯರಾದರು. ಯಾವ ಕಂತು ಯಾವಾಗ ಸಿಗುತ್ತದೆ, ಗೋಡೆಯನ್ನು ಹೇಗೆ ಬಿಗಿಯಬೇಕು ಎಂದು ಅವರು ಮನೆಮನೆಗೆ ತಿಳಿಸಿದರು. ಆ ಗುಂಪುಗಳು ಮುಂದೆ ಉಳಿತಾಯ ಮತ್ತು ಸಾಲದ ಸಂಘಗಳಾಗಿ ಬೆಳೆದವು. ಹಣ ಬಂದು ಹೋಯಿತು, ಕೆಲಸ ಕಲಿತ ಕೈಗಳು ಊರಲ್ಲೇ ಉಳಿದವು.

ನಷ್ಟದ ಅಳತೆ, ಅಗತ್ಯದ ಅಳತೆ

ಸ್ಥಳಾಂತರವಾದ ಹಳ್ಳಿಗಳಲ್ಲಿ ಮನೆಯ ಅಳತೆಯನ್ನು ಜಮೀನಿನ ಮೇಲೆ ಗೊತ್ತುಮಾಡಿದ್ದರು. ಭೂಮಿ ಇಲ್ಲದವರಿಗೆ 250 ಚದರ ಅಡಿ, ಹೆಚ್ಚು ಭೂಮಿ ಉಳ್ಳವರಿಗೆ 750 ಚದರ ಅಡಿ. ಇದರ ಹಿಂದೆ ಒಂದು ತರ್ಕವಿದೆ: ಹೆಚ್ಚು ಇದ್ದವನು ಹೆಚ್ಚು ಕಳೆದುಕೊಂಡ, ಜೊತೆಗೆ ಅವನಿಗೆ ಎತ್ತು, ನೇಗಿಲು, ಕಾಳಿನ ಚೀಲ ಇಡಲು ಜಾಗ ಬೇಕು. ಆದರೆ ಕೂಲಿಯವನ ಮನೆಯಲ್ಲಿ ಎಂಟು ಜನರಿದ್ದರೆ? ಗಂಡನನ್ನು ಕಳೆದುಕೊಂಡವಳ ಹೆಸರಿನಲ್ಲಿ ಯಾವ ಕಾಗದವೂ ಇಲ್ಲದಿದ್ದರೆ?

ಪರಿಹಾರ ನಷ್ಟವನ್ನು ಅಳೆಯುತ್ತದೆ. ದಾನ ಅಗತ್ಯವನ್ನು ಅಳೆಯಬೇಕು. ಪಟ್ಟಿಯಲ್ಲಿ ಹೆಸರಿಲ್ಲದವರು, ಪಹಣಿ ಇಲ್ಲದವರು, ಬಾಡಿಗೆಗೆ ಇದ್ದವರು, ಎತ್ತು ಸತ್ತು ಬಿತ್ತನೆ ತಪ್ಪಿದವರು, ಸಾಲ ಹೊತ್ತವರು, ಇವರನ್ನು ಹುಡುಕಿ ತಲುಪುವುದೇ ನಮ್ಮಂಥ ಸಣ್ಣ ಟ್ರಸ್ಟುಗಳ ಕೆಲಸ. ಸರ್ಕಾರ ಕಟ್ಟಿದ ಮನೆಯ ಪಕ್ಕದಲ್ಲಿ ಇನ್ನೊಂದು ಮನೆ ಕಟ್ಟಿ ನಮ್ಮ ಹೆಸರು ಬರೆಸುವುದು ನಮ್ಮ ಕೆಲಸವಲ್ಲ.

ಝಕಾತ್ ಎಲ್ಲಿಗೆ, ಸದಕಾ ಎಲ್ಲಿಗೆ

ಝಕಾತ್ ಪಡೆಯಲು ಅರ್ಹರಾದವರ ಎಂಟು ವರ್ಗಗಳನ್ನು ಕುರ್‌ಆನ್ ಒಂಬತ್ತನೇ ಅಧ್ಯಾಯದಲ್ಲಿ ಹೇಳಿದೆ. ಬಡವರು, ನಿರ್ಗತಿಕರು, ಸಾಲದಲ್ಲಿ ಮುಳುಗಿದವರು, ದಾರಿಯಲ್ಲಿ ಸಿಕ್ಕಿಬಿದ್ದ ಪ್ರಯಾಣಿಕರು ಅದರಲ್ಲಿದ್ದಾರೆ. ನಿನ್ನೆ ಝಕಾತ್ ಕೊಡುತ್ತಿದ್ದವನು ಭೂಕಂಪದ ಮರುದಿನ ಝಕಾತ್ ಪಡೆಯಲು ಅರ್ಹನಾಗಿರಬಹುದು. ಅವನಿಗೆ ಕೇಳಲು ನಾಚಿಕೆ. ಆದ್ದರಿಂದ ನಾವೇ ಹೋಗಿ, ಗುಟ್ಟಾಗಿ ಕೊಡಬೇಕು. ಫೋಟೋ ಬೇಡ.

ಬಹುಪಾಲು ವಿದ್ವಾಂಸರ ಪ್ರಕಾರ ಝಕಾತ್ ಹಣ ಅರ್ಹ ವ್ಯಕ್ತಿಯ ಒಡೆತನಕ್ಕೆ ಸೇರಬೇಕು ಮತ್ತು ಅದು ಮುಸ್ಲಿಮರಲ್ಲಿನ ಅರ್ಹರಿಗೆ ಮೀಸಲು. ಶಾಲೆಯ ಕೊಠಡಿ, ಬಾವಿ, ರಸ್ತೆಯಂಥ ಸಾರ್ವಜನಿಕ ಕೆಲಸಗಳಿಗೆ ಸದಕಾ ಹಣವನ್ನು ಬಳಸುತ್ತಾರೆ. ಸದಕಾವನ್ನು ಯಾವ ಧರ್ಮದವರಿಗೂ ಕೊಡಬಹುದು. ಕುಸಿದ ಮಾಳಿಗೆ ಕೆಳಗೆ ಯಾರಿದ್ದಾರೆಂದು ಜಾತಿ ಕೇಳುವುದಿಲ್ಲ, ನೆರೆಯವನ ಹಕ್ಕೂ ಕೇಳುವುದಿಲ್ಲ. ಆದ್ದರಿಂದ ದಾನಿಗಳು ಹಣ ಕೊಡುವಾಗ ಇದು ಝಕಾತೋ ಸದಕಾವೋ ಎಂದು ತಪ್ಪದೆ ತಿಳಿಸಬೇಕು, ಟ್ರಸ್ಟ್ ಎರಡರ ಲೆಕ್ಕವನ್ನೂ ಬೇರೆ ಬೇರೆ ಇಡಬೇಕು. ಈ ಹಣ ಅಮಾನತ್. ಇಟ್ಟುಕೊಂಡವನಿಗೆ ಲೆಕ್ಕ ಕೊಡುವ ದಿನ ಒಂದಿದೆ.

ಮಕ್ಕಳ ಓದು

ಕಿಲ್ಲಾರಿ ಭೂಕಂಪದ ನಂತರ ಪುಣೆಯ ಭಾರತೀಯ ಜೈನ ಸಂಘಟನೆ ಸಂತ್ರಸ್ತ ಕುಟುಂಬಗಳ 1,200 ಮಕ್ಕಳನ್ನು ಪುಣೆಗೆ ಕರೆತಂದು, ವಸತಿ ಕೊಟ್ಟು ಓದಿಸಿತು. ಈ ಒಂದು ಕೆಲಸವನ್ನು ನಮ್ಮ ಟ್ರಸ್ಟಿನ ಪ್ರತಿಯೊಬ್ಬ ಸದಸ್ಯರೂ ನೆನಪಿನಲ್ಲಿ ಇಡಬೇಕು. ಅಕ್ಕಿಯ ಚೀಲ ತಿಂಗಳಲ್ಲಿ ಮುಗಿಯುತ್ತದೆ. ತಾಡಪಾಲು ಒಂದು ಮಳೆಗಾಲ ಬರುತ್ತದೆ. ಐದನೇ ತರಗತಿಯ ಮಗುವಿನ ಜವಾಬ್ದಾರಿ ಹೊತ್ತವನು ಏಳೆಂಟು ವರ್ಷ ಹೊರಬೇಕು. ಪತ್ರಿಕೆಗಳು ಮರೆತ ಮೇಲೂ, ದಾನದ ಪೆಟ್ಟಿಗೆ ಖಾಲಿಯಾದ ಮೇಲೂ ಶುಲ್ಕ ಕಟ್ಟಬೇಕು. ಊರು ನಿಜವಾಗಿ ಚೇತರಿಸಿಕೊಳ್ಳುವುದು ಈ ವರ್ಷಗಳಲ್ಲಿ.

ಮನುಷ್ಯ ಸತ್ತ ಮೇಲೂ ನಿಲ್ಲದ ಮೂರು ಕರ್ಮಗಳಲ್ಲಿ ಹರಿಯುತ್ತಲೇ ಇರುವ ದಾನ ಮತ್ತು ಪ್ರಯೋಜನಕ್ಕೆ ಬರುವ ಜ್ಞಾನ ಎರಡನ್ನೂ ಪ್ರವಾದಿಯವರು (ಸ) ಎಣಿಸಿದ್ದಾರೆ. ಒಂದು ಮಗುವಿನ ಓದಿನಲ್ಲಿ ಇವೆರಡೂ ಕೂಡುತ್ತವೆ. ಆದ್ದರಿಂದ ಅನಾಹುತದ ವಾರ ಕೊಡುವವರು ಅರ್ಧವನ್ನು ಅಂದೇ ಕೊಡಿ, ಉಳಿದ ಅರ್ಧವನ್ನು ಮುಂದಿನ ವರ್ಷಕ್ಕೆ ತೆಗೆದಿಡಿ.

ವಿದ್ಯಾರ್ಥಿಗಳಿಗೂ ಒಂದು ಮಾತು. ನಿಮಗೆ ಬರುವ ವಿದ್ಯಾರ್ಥಿವೇತನ ಯಾರೋ ತಮ್ಮ ಖರ್ಚು ಕಡಿಮೆ ಮಾಡಿ ಕೊಟ್ಟದ್ದು. ನಿಮ್ಮಲ್ಲಿ ಸಿವಿಲ್ ಎಂಜಿನಿಯರಿಂಗ್ ಅಥವಾ ಡಿಪ್ಲೊಮಾ ಓದುವವರು ರಜೆಯಲ್ಲಿ ನಿಮ್ಮೂರಿನ ಒಂದು ಮಾಳಿಗೆ ಮನೆಯನ್ನು ನೋಡಿ ಬನ್ನಿ. ಮಾಳಿಗೆಯ ಭಾರ ಎಷ್ಟು, ಗೋಡೆಯ ಒಳಪದರ ಹೊರಪದರಗಳನ್ನು ಹಿಡಿದಿಡುವ ಉದ್ದ ಕಲ್ಲುಗಳು ಇವೆಯೇ ಎಂದು ಪರೀಕ್ಷಿಸಿ ಮನೆಯವರಿಗೆ ತಿಳಿಸಿ. ಅದೂ ದಾನವೇ.

ಚರ್ಚೆಗೆ ಪ್ರಶ್ನೆಗಳು

1. ನಷ್ಟವನ್ನು ಅಳೆದು ಕೊಡುವುದಕ್ಕೂ ಅಗತ್ಯವನ್ನು ಅಳೆದು ಕೊಡುವುದಕ್ಕೂ ಇರುವ ವ್ಯತ್ಯಾಸವೇನು? ನಿಮ್ಮೂರಿನ ಒಂದು ಉದಾಹರಣೆ ಕೊಡಿ.
2. ನಿಮ್ಮ ಓಣಿಯಲ್ಲಿ ಅನಾಹುತವಾದರೆ ಯಾವ ಪಟ್ಟಿಯಲ್ಲೂ ಹೆಸರು ಬರದ ಮನೆಗಳು ಯಾವುವು?
3. ಪಡೆಯುವವರ ಮರ್ಯಾದೆ ಉಳಿಸಿ ಕೊಡುವುದು ಹೇಗೆ?

ನಮ್ಮ ದಾನವನ್ನು ಅಲ್ಲಾಹನು ಸ್ವೀಕರಿಸಲಿ. ಕೊಟ್ಟದ್ದನ್ನು ಎತ್ತಿ ಆಡುವ ನಾಲಿಗೆಯಿಂದ ನಮ್ಮನ್ನು ಕಾಪಾಡಲಿ. ಆಮೀನ್.