ಗೋಡೆ ಮೇಲಿನ ಪಟ್ಟಿ ಮತ್ತು ಅಮೆರಿಕದ ಮೊದಲ ರೇಂಜರ್‌ಗಳು

ರೇಂಜರ್ ಅಂದ ತಕ್ಷಣ ನಮ್ಮ ಕಡೆ ನೆನಪಾಗೋದು ಅರಣ್ಯ ಇಲಾಖೆಯ ಅಧಿಕಾರಿ. ಅಮೆರಿಕದ ಸೈನ್ಯದಲ್ಲಿ ಈ ಪದಕ್ಕೆ ಬೇರೆಯೇ ಚರಿತ್ರೆ ಇದೆ. ನಮಗೆ ಅದರ ಪರಿಚಯ ಆಗಿದ್ದು ಹಾಸ್ಟೆಲ್‌ನ ಗೋಡೆಯಿಂದ. ನಮ್ಮ ಗೆಳೆಯನೊಬ್ಬ ರಾಬರ್ಟ್ ರಾಜರ್ಸ್ ಎಂಬ ಸೇನಾನಾಯಕನ ಹೆಸರಿನಲ್ಲಿರುವ 19 ಆಜ್ಞೆಗಳ ಪಟ್ಟಿಯನ್ನು ಪ್ರಿಂಟ್ ತೆಗೆದು ಅಂಟಿಸಿದ್ದ. ಏನನ್ನೂ ಮರೆಯಬೇಡ ಎಂಬರ್ಥದ ಸಾಲಿನಿಂದ ಅದು ಶುರುವಾಗುತ್ತೆ. ಓದಿದವರೆಲ್ಲ "ಮಸ್ತ್ ಇದೆಯಲ್ಲ" ಅಂತಿದ್ವಿ.

ಈ ಸಂಚಿಕೆಗೆ ಲೇಖನ ಬರೆಯೋಣ ಅಂತ ಹುಡುಕುತ್ತಾ ಹೋದಾಗ ಗೊತ್ತಾಯ್ತು: ಆ 19 ಆಜ್ಞೆಗಳನ್ನು ರಾಜರ್ಸ್ ಬರೆದೇ ಇಲ್ಲ. ಅವು ಕೆನೆತ್ ರಾಬರ್ಟ್ಸ್ ಎಂಬ ಲೇಖಕರ 1937ರ ಕಾದಂಬರಿ 'ನಾರ್ತ್‌ವೆಸ್ಟ್ ಪ್ಯಾಸೇಜ್'ನಲ್ಲಿ ಒಂದು ಪಾತ್ರದ ಬಾಯಲ್ಲಿ ಬರುವ ಮಾತುಗಳಿಂದ ಬಂದವು. ಅಮೆರಿಕ ಸೈನ್ಯದ ರೇಂಜರ್ ಕೈಪಿಡಿಯಲ್ಲೂ ಅವು ರಾಜರ್ಸ್ ಹೆಸರಲ್ಲೇ ಅಚ್ಚಾಗಿವೆ. ಆತ ನಿಜವಾಗಿ ಬರೆದದ್ದು 28 ನಿಯಮ, 1757ರಲ್ಲಿ. ಅವುಗಳ ಕಥೆ ಗೋಡೆ ಮೇಲಿನ ಪಟ್ಟಿಗಿಂತ ಹೆಚ್ಚು ಕಲಿಸುತ್ತೆ ಅನ್ನಿಸಿ ಇದನ್ನು ಬರೆಯುತ್ತಿದ್ದೇವೆ.

ರೇಂಜರ್‌ಗಳು ಯಾಕೆ ಬೇಕಾದರು?

ಆ ಕಾಲದ ಯುರೋಪಿನ ಸೈನ್ಯಗಳು ಬಯಲಿನಲ್ಲಿ ಸಾಲಾಗಿ ನಿಂತು ಒಟ್ಟಿಗೆ ಗುಂಡು ಹಾರಿಸುತ್ತಿದ್ದವು. ಅವರ ಮಸ್ಕೆಟ್ ಬಂದೂಕಿಗೆ ದೂರದ ಗುರಿ ಸಿಗುತ್ತಿರಲಿಲ್ಲ. ಹಾಗಾಗಿ ನೂರಾರು ಬಂದೂಕು ಒಟ್ಟಿಗೆ ಸಿಡಿಯಬೇಕು ಅನ್ನೋದು ಅವರ ಲೆಕ್ಕ. ಬಯಲಿನಲ್ಲಿ ಈ ಲೆಕ್ಕ ಸರಿ. ಆದರೆ ಉತ್ತರ ಅಮೆರಿಕದ ದಟ್ಟ ಕಾಡಿನಲ್ಲಿ?

ಉತ್ತರ 1755ರ ಜುಲೈ 9ರಂದು ಸಿಕ್ಕಿತು. ಬ್ರಿಟನ್ ಮತ್ತು ಫ್ರಾನ್ಸ್ ಅಲ್ಲಿನ ನೆಲಕ್ಕಾಗಿ ಹೊಡೆದಾಡುತ್ತಿದ್ದ ಸಮಯ. ಮೊನಾಂಗಹೇಲಾ ನದಿಯ ಬಳಿ, ಇಂದಿನ ಪಿಟ್ಸ್‌ಬರ್ಗ್ ಹತ್ತಿರ, ಬ್ರಿಟಿಷ್ ಜನರಲ್ ಬ್ರಾಡಕ್ ಸುಮಾರು 1300 ಜನರೊಂದಿಗೆ ಹೋಗುತ್ತಿದ್ದ. ಫ್ರೆಂಚರು ಮತ್ತು ಅವರ ಜೊತೆಗಿದ್ದ ಮೂಲನಿವಾಸಿ ಯೋಧರು ಮರಗಳ ಮರೆಯಿಂದ ಗುಂಡು ಹಾರಿಸಿದರು. ಬ್ರಿಟಿಷರು ದಾರಿಯಲ್ಲೇ ಗುಂಪಾಗಿ ನಿಂತು, ಕಾಣದ ಶತ್ರುವಿನತ್ತ ಸುಟ್ಟರು. ಅಂದು ಸುಮಾರು 900 ಜನ ಸತ್ತರು ಅಥವಾ ಗಾಯಗೊಂಡರು. ಬ್ರಾಡಕ್ ಕೂಡ ಗಾಯದಿಂದ ತೀರಿಕೊಂಡ. ಬದುಕಿ ಬಂದವರಲ್ಲಿ 23 ವರ್ಷದ ಜಾರ್ಜ್ ವಾಷಿಂಗ್ಟನ್ ಒಬ್ಬ.

ಕಾಡಿನ ಯುದ್ಧ ಗೊತ್ತಿದ್ದವರು ಇರಲಿಲ್ಲ ಅಂತಲ್ಲ. 1675–76ರ ಯುದ್ಧದಲ್ಲೇ ಪ್ಲಿಮತ್ ವಸಾಹತಿನ ಬೆಂಜಮಿನ್ ಚರ್ಚ್ ಒಂದು ತುಕಡಿ ಕಟ್ಟಿದ್ದ. ಅದರಲ್ಲಿ ಇಂಗ್ಲಿಷರೂ ಇದ್ದರು, ಮೂಲನಿವಾಸಿಗಳೂ ಇದ್ದರು. ಗುಂಪಾಗಿ ಹೋಗಬಾರದು, ಚದುರಿ ನಡೆಯಬೇಕು ಅನ್ನೋದನ್ನು ಚರ್ಚ್ ಕಲಿತದ್ದು ಮೂಲನಿವಾಸಿಗಳಿಂದಲೇ. ರೇಂಜರ್ ವಿದ್ಯೆಯ ಗುರುಗಳು ಯಾರು ಅನ್ನೋದನ್ನು ಇಲ್ಲೇ ನೆನಪಿಟ್ಟುಕೊಳ್ಳೋಣ. ಮುಂದೆ ಬೇಕಾಗುತ್ತೆ.

ಒಂದು ಜನವರಿ, ಒಂದು ತಪ್ಪು

ರಾಜರ್ಸ್ ಹುಟ್ಟಿದ್ದು 1731ರಲ್ಲಿ, ಮ್ಯಾಸಚೂಸೆಟ್ಸ್‌ನಲ್ಲಿ. ಬೆಳೆದದ್ದು ನ್ಯೂ ಹ್ಯಾಂಪ್‌ಶೈರ್‌ನ ಕಾಡಂಚಿನಲ್ಲಿ. 1756ರಲ್ಲಿ ಬ್ರಿಟಿಷರು ಆತನಿಗೆ ಒಂದು ಸ್ವತಂತ್ರ ರೇಂಜರ್ ತುಕಡಿಯ ನಾಯಕತ್ವ ಕೊಟ್ಟರು. ಲೇಕ್ ಜಾರ್ಜ್ ಮತ್ತು ಲೇಕ್ ಶಾಂಪ್ಲೇನ್ ಸರೋವರಗಳ ಸುತ್ತ ಶತ್ರುವಿನ ಸುದ್ದಿ ತರೋದು, ಕೈದಿಗಳನ್ನು ಹಿಡಿಯೋದು ಇವರ ಕೆಲಸ. ಚಳಿಗಾಲದಲ್ಲೂ ಬಿಡುವಿಲ್ಲ. ಕಾಲಿಗೆ ಸ್ನೋಶೂ ಕಟ್ಟಿಕೊಂಡು ಹೋಗುತ್ತಿದ್ದರು. ಸ್ನೋಶೂ ಅಂದ್ರೆ ಮರದ ಚೌಕಟ್ಟಿಗೆ ಬಲೆಯ ಹಾಗೆ ಚರ್ಮದ ದಾರ ಹೆಣೆದ ಅಗಲ ಪಾದ. ಅದೇ ಭಾರ ಹೆಚ್ಚು ಜಾಗಕ್ಕೆ ಹರಡುತ್ತೆ, ಒತ್ತಡ ಕಡಿಮೆ, ಕಾಲು ಹೂತುಹೋಗಲ್ಲ. ಪಿಯುಸಿ ಫಿಸಿಕ್ಸ್ ಅಷ್ಟೇ!

1757ರ ಜನವರಿ 21. ರಾಜರ್ಸ್ ಜೊತೆ 74 ಜನ. ಶಾಂಪ್ಲೇನ್ ಮೇಲೆ ಹೋಗುತ್ತಿದ್ದ ಫ್ರೆಂಚರ ಜಾರುಬಂಡಿಗಳ ಮೇಲೆ ಬಿದ್ದು ಏಳು ಜನರನ್ನು ಹಿಡಿದರು. ಉಳಿದವರು ತಪ್ಪಿಸಿಕೊಂಡು ಕೋಟೆಗೆ ಸುದ್ದಿ ಮುಟ್ಟಿಸಿದರು. ಮಳೆಯಲ್ಲಿ ಬಂದೂಕುಗಳು ಒದ್ದೆಯಾಗಿದ್ದವು. ಅವನ್ನು ಒಣಗಿಸಲು ರಾಜರ್ಸ್ ಹಿಂದಿನ ರಾತ್ರಿ ಬೆಂಕಿ ಹಾಕಿದ್ದ ಜಾಗಕ್ಕೇ ವಾಪಸ್ ಹೋದ. ಅಲ್ಲಿಂದ ಹೊರಟು ಸ್ವಲ್ಪ ದೂರ ಹೋಗುವಷ್ಟರಲ್ಲಿ ಫ್ರೆಂಚರು ಹೊಂಚುಹಾಕಿ ಹೊಡೆದರು. ಕತ್ತಲಾಗುವ ತನಕ ಗುಡ್ಡದ ಮೇಲೆ ನಿಂತು ಹೋರಾಡಿ ಉಳಿದವರು ಪಾರಾದರು. ಆದರೆ ಮೂರರಲ್ಲಿ ಒಂದು ಪಾಲು ಜನ ಸತ್ತರು, ಗಾಯಗೊಂಡರು ಅಥವಾ ಸೆರೆಯಾದರು. ಸ್ವತಃ ರಾಜರ್ಸ್‌ಗೂ ಎರಡು ಗಾಯ.

ಅದೇ ವರ್ಷ ಬ್ರಿಟಿಷ್ ಸೈನ್ಯದ ಸ್ವಯಂಸೇವಕರಿಗೆ ಕಲಿಸುವುದಕ್ಕಾಗಿ ಆತ 28 ನಿಯಮ ಬರೆದ. ಅವುಗಳಲ್ಲಿ ಕೆಲವು, ನಮ್ಮ ಮಾತಿನಲ್ಲಿ:

- ಕಡಿಮೆ ಜನ ಇದ್ದರೆ ಒಬ್ಬರ ಹಿಂದೆ ಒಬ್ಬರು ನಡೆಯಿರಿ. ಒಂದೇ ಗುಂಡು ಇಬ್ಬರಿಗೆ ತಾಗದಷ್ಟು ಅಂತರ ಇರಲಿ. ಮುಂದೆಯೂ ಎರಡು ಪಕ್ಕಕ್ಕೂ ಕಾವಲಿನವರನ್ನು ಕಳಿಸಿ.
- ಜೌಗು ನೆಲದಲ್ಲಿ ಅಕ್ಕಪಕ್ಕ ಹರಡಿ ನಡೆಯಿರಿ. ಒಂದೇ ಜಾಡು ಬಿದ್ದರೆ ಶತ್ರು ಹಿಂಬಾಲಿಸುತ್ತಾನೆ.
- ಕೈದಿಗಳನ್ನು ವಿಚಾರಿಸುವ ತನಕ ಬೇರೆ ಬೇರೆ ಇಡಿ. ಹೋದ ದಾರಿಯಲ್ಲೇ ಹಿಂತಿರುಗಬೇಡಿ.
- ನಸುಕಿನಲ್ಲಿ ಎಲ್ಲರನ್ನೂ ಎಬ್ಬಿಸಿ. ಮೂಲನಿವಾಸಿಗಳು ದಾಳಿಗೆ ಆರಿಸಿಕೊಳ್ಳುವ ಹೊತ್ತು ಅದು.

ಹಲವು ನಿಯಮಗಳ ಜೊತೆ ಕಾರಣವೂ ಇರೋದನ್ನು ಗಮನಿಸಿ. ಕೈದಿಗಳ ಮತ್ತು ಹಿಂದಿರುಗುವ ದಾರಿಯ ನಿಯಮ ಓದುವಾಗ ಆ ಜನವರಿ ನೆನಪಾಗದೆ ಇರಲ್ಲ.

ನಿಯಮ ಇದ್ದರೂ

ನಿಯಮ ಬರೆದ ಮೇಲೆ ಎಲ್ಲ ಸರಿಹೋಯ್ತಾ? ಇಲ್ಲ. 1758ರ ಮಾರ್ಚ್ 13ರಂದು ರಾಜರ್ಸ್ ಸುಮಾರು 180 ಜನರೊಂದಿಗೆ ಒಂದು ಶತ್ರು ಗುಂಪಿನ ಮೇಲೆ ಬಿದ್ದ. ಅವರು ಓಡಿದರು, ರೇಂಜರ್‌ಗಳು ಬೆನ್ನಟ್ಟಿದರು. ಆದರೆ ಅದು ಮುಂದಾಳು ಗುಂಪು ಮಾತ್ರ. ಹಿಂದೆ ದೊಡ್ಡ ಪಡೆಯೇ ಬರುತ್ತಿತ್ತು. ಅಂದು ನೂರಕ್ಕೂ ಹೆಚ್ಚು ರೇಂಜರ್‌ಗಳನ್ನು ಆತ ಕಳೆದುಕೊಂಡ. ಹಾಗಾಗಿ 28 ನಿಯಮಗಳ ಕೊನೆಗೆ ಆತ ಮೊದಲೇ ಸೇರಿಸಿದ್ದ ಮಾತಿಗೆ ತೂಕ ಇದೆ: ಇವನ್ನು ಬಿಟ್ಟು ನಡೆಯಬೇಕಾದ ಸಂದರ್ಭಗಳು ಎಷ್ಟೋ ಬರುತ್ತವೆ, ಆಗ ನಿಮ್ಮ ನಿಮ್ಮ ವಿವೇಕವೇ ದಾರಿ ತೋರಿಸಬೇಕು.

ಆದರೆ ವಿವೇಕ ಅಂದ್ರೆ ಬರೀ ಜಾಣತನವಾ? 1759ರ ಘಟನೆ ಈ ಪ್ರಶ್ನೆ ಕೇಳುತ್ತೆ. ಜನರಲ್ ಆಮ್‌ಹರ್ಸ್ಟ್ ಆಜ್ಞೆಯಂತೆ ಸುಮಾರು 200 ಜನ ಕ್ರೌನ್ ಪಾಯಿಂಟ್‌ನಿಂದ ಹೊರಟು ಅಬೆನಾಕಿ ಮೂಲನಿವಾಸಿಗಳ ಸೇಂಟ್ ಫ್ರಾನ್ಸಿಸ್ ಗ್ರಾಮವನ್ನು ಸುಟ್ಟರು. ಅದು ಕೆನಡಾದ ಕ್ವಿಬೆಕ್‌ನಲ್ಲಿರುವ ಇಂದಿನ ಒಡಾನಾಕ್. ಅಕ್ಟೋಬರ್ 4, ನಸುಕಿನ ಹೊತ್ತು. ಯಾವ ಹೊತ್ತಿನಲ್ಲಿ ಎಚ್ಚರವಾಗಿರಿ ಅಂತ ತನ್ನವರಿಗೆ ಕಲಿಸಿದ್ದನೋ ಅದೇ ಹೊತ್ತು! ಹೆಂಗಸರು ಮಕ್ಕಳನ್ನು ಮುಟ್ಟಬೇಡಿ ಅಂತ ಆಜ್ಞೆಯಲ್ಲೇ ಇತ್ತು. 200 ಜನರನ್ನು ಕೊಂದೆವು ಅಂತ ರಾಜರ್ಸ್ ಬರೆದ. ಫ್ರೆಂಚ್ ದಾಖಲೆ ಹೇಳೋದು ಸುಮಾರು 30, ಅದರಲ್ಲಿ 20 ಜನ ಹೆಂಗಸರು ಮತ್ತು ಮಕ್ಕಳು. ಹಿಂದಿನ ರಾತ್ರಿ ಅಪರಿಚಿತನೊಬ್ಬ ಬಂದು ಎಚ್ಚರಿಸಿದ್ದರಿಂದ ಹಲವರು ಉಳಿದರು ಅಂತ ಅಬೆನಾಕಿಗಳ ಮನೆಮನೆಯಲ್ಲಿ ಕಥೆ ಉಳಿದಿದೆ. ಹಿಂದಿರುಗುವಾಗ ರೇಂಜರ್‌ಗಳೂ ಹಸಿವಿನಿಂದ ಕಾಡಿನಲ್ಲಿ ಸತ್ತರು.

ವಿದ್ಯೆ ಕಲಿತದ್ದು ಮೂಲನಿವಾಸಿಗಳಿಂದ, ಬಳಸಿದ್ದು ಮೂಲನಿವಾಸಿಗಳ ಮೇಲೆ. ಗೋಡೆ ಮೇಲಿನ ಪಟ್ಟಿಯಲ್ಲಿ ಇದೆಲ್ಲ ಇಲ್ಲ.

ಸ್ವಾತಂತ್ರ್ಯ ಯುದ್ಧದಲ್ಲಿ

ಅಮೆರಿಕ ಬ್ರಿಟನ್ ವಿರುದ್ಧ ಎದ್ದಾಗ ವಾಷಿಂಗ್ಟನ್‌ಗೆ ರಾಜರ್ಸ್ ಮೇಲೆ ನಂಬಿಕೆ ಬರಲಿಲ್ಲ. ಆತ 1776ರಲ್ಲಿ ಬ್ರಿಟಿಷರ ಕಡೆಯಿಂದ ಕ್ವೀನ್ಸ್ ರೇಂಜರ್ಸ್ ಕಟ್ಟಿದ. ಈ ಕಡೆ ಅದೇ ವರ್ಷ ಥಾಮಸ್ ನೋಲ್ಟನ್ ರೇಂಜರ್ ಪಡೆ ಕಟ್ಟಿ, ಸೆಪ್ಟೆಂಬರ್‌ನಲ್ಲಿ ಹಾರ್ಲೆಮ್ ಹೈಟ್ಸ್‌ನಲ್ಲಿ ಪ್ರಾಣ ಬಿಟ್ಟ. 1777ರ ಸಾರಟೋಗಾದಲ್ಲಿ ಡೇನಿಯಲ್ ಮಾರ್ಗನ್ ಅವರ ರೈಫಲ್ ಪಡೆ ಇತ್ತು. ರೈಫಲ್ ದೂರಕ್ಕೆ ಸರಿಯಾಗಿ ಹೊಡೆಯುತ್ತೆ, ಆದರೆ ತುಂಬಲು ಹೊತ್ತು ಬೇಕು, ತುದಿಗೆ ಬಯೋನೆಟ್ ಕೂರಲ್ಲ. ಅದಕ್ಕೆ ಬಯೋನೆಟ್ ಇದ್ದ ಪದಾತಿಗಳನ್ನು ಅವರ ಜೊತೆ ಸೇರಿಸಿದರು. ಒಂದರ ಕೊರತೆಯನ್ನು ಇನ್ನೊಂದು ತುಂಬುವ ಹಾಗೆ. ರಾಜರ್ಸ್ ಮಾತ್ರ 1795ರಲ್ಲಿ ಲಂಡನ್‌ನಲ್ಲಿ ಸಾಲದಲ್ಲೇ ತೀರಿಕೊಂಡ.

ನಮಗೇನು?

ಕಳೆದ ಸೆಮಿಸ್ಟರ್‌ನಲ್ಲಿ ನಮ್ಮ ಪ್ರಾಜೆಕ್ಟ್ ಬೋರ್ಡ್ ಡೆಮೋ ಹಿಂದಿನ ರಾತ್ರಿ ಸುಟ್ಟುಹೋಯ್ತು. ಪವರ್ ಕೊಡುವ ಮೊದಲು ಪೊಲಾರಿಟಿ ನೋಡಿ ಅಂತ ಲ್ಯಾಬ್ ಗೋಡೆ ಮೇಲೆ ಬರೆದೇ ಇತ್ತು. ನಾವು ದಿನಾ ನೋಡುತ್ತಿದ್ದ ಸಾಲು. ಯಾರ ಬೋರ್ಡ್ ಸುಟ್ಟು ಆ ಸಾಲು ಅಲ್ಲಿಗೆ ಬಂತು ಅಂತ ನಾವ್ಯಾರೂ ಕೇಳಿರಲಿಲ್ಲ.

ಗೆಳೆಯನ ಗೋಡೆ ಮೇಲಿನ ಪಟ್ಟಿ ಇನ್ನೂ ಇದೆ, ತೆಗೆಸಲಿಲ್ಲ. ಕೆಳಗೆ ಪೆನ್ನಿನಿಂದ ಮೂರು ದಿನಾಂಕ ಮಾತ್ರ ಬರೆದಿದ್ದೇವೆ: 1757 ಜನವರಿ 21, 1758 ಮಾರ್ಚ್ 13, 1759 ಅಕ್ಟೋಬರ್ 4. ನೋಡಿದವರು "ಏನಿದು?" ಅಂತ ಕೇಳ್ತಾರೆ. ಕೇಳಲಿ ಅಂತಲೇ ಬರೆದದ್ದು.